ಹೊಳೆದಂಡೆಯ ನಡಿಗೆಗೆ ಮೊದಲು ಹೊಳೆಯನ್ನು ವಿಚಾರಿಸಿ

ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ಬೆಂಗಳೂರಿನ ಗೆಳೆಯರ ಗುಂಪುಗಳಲ್ಲಿ ಕಾವೇರಿ ದಂಡೆಯ ಮಾತು ಏಳುತ್ತದೆ. ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮದಿಂದ ಮೇಕೆದಾಟಿನವರೆಗೆ ನಡೆಯೋಣವೇ, ಮುತ್ತತ್ತಿ, ಭೀಮೇಶ್ವರಿಯ ಕಡೆಗೆ ಹೋಗೋಣವೇ ಎಂಬಲ್ಲಿಂದ ಶುರುವಾದ ಚರ್ಚೆ ಯಾರ ಕಾರು, ತಿಂಡಿ ಎಲ್ಲಿ, ಎಷ್ಟು ಹೊತ್ತಿಗೆ ಹೊರಡುವುದು ಎಂಬಲ್ಲಿಗೆ ಮುಗಿದುಬಿಡುತ್ತದೆ. ಹೊಳೆಯಲ್ಲಿ ಈಗ ಎಷ್ಟು ನೀರಿದೆ, ನಾಳೆ ಎಷ್ಟಿರಬಹುದು ಎಂದು ಕೇಳುವವರು ಕಡಿಮೆ. ಒಂದು ದಿನದ ನದೀತೀರದ ನಡಿಗೆಯ ಯೋಜನೆ ಈ ಪ್ರಶ್ನೆಯಿಂದಲೇ ಆರಂಭವಾಗಬೇಕು, ಉಳಿದದ್ದೆಲ್ಲ ಆಮೇಲೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕನಕಪುರದಲ್ಲಿ ಆಕಾಶ ಶುಭ್ರವಾಗಿದೆ ಎಂಬುದು ಇಲ್ಲಿ ಏನನ್ನೂ ಹೇಳುವುದಿಲ್ಲ. ಸಂಗಮದ ಬಳಿ ಹರಿಯುವ ಕಾವೇರಿಯ ಮಟ್ಟವನ್ನು ಬಹುಮಟ್ಟಿಗೆ ನಿರ್ಧರಿಸುವುದು ಕೊಡಗು ಮತ್ತು ವಯನಾಡಿನ ಮಳೆ, ಹಾಗೂ ಆ ಮಳೆಯ ನೀರನ್ನು ಹಿಡಿದಿಟ್ಟು ಬಿಡುವ ಕೆಆರ್‌ಎಸ್ ಮತ್ತು ಕಬಿನಿ ಜಲಾಶಯಗಳು. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ನೀರು ಅದರ ಹತ್ತಿರಕ್ಕೆ ಬಂದ ದಿನಗಳಲ್ಲಿ ಹೊರಹರಿವು ಯಾವಾಗ ಬೇಕಾದರೂ ಏರಬಹುದು. ಪತ್ರಿಕೆಗಳಲ್ಲಿ ಬರುವ ಒಳಹರಿವು, ಹೊರಹರಿವಿನ ಅಂಕಿಗಳನ್ನು ರೈತರು ಓದುವಷ್ಟೇ ಶ್ರದ್ಧೆಯಿಂದ ನಡಿಗೆಗೆ ಹೊರಡುವವರೂ ಓದಬೇಕು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಹತ್ತು ಸಾವಿರ ಕ್ಯುಸೆಕ್ ಬಿಟ್ಟಿದ್ದಾರೆಂದರೆ ಪ್ರತಿ ಸೆಕೆಂಡಿಗೆ 2.8 ಲಕ್ಷ ಲೀಟರಿಗೂ ಹೆಚ್ಚು. ಹಾಗೆ ಬಿಟ್ಟ ನೀರು ಸಂಗಮವನ್ನು ಮುಟ್ಟಲು ಸಮಯ ಬೇಕಾಗುವುದರಿಂದ, ಹೊರಡುವ ದಿನದ ಅಂಕಿಯೊಂದನ್ನೇ ನೋಡಿದರೆ ಸಾಲದು, ಹಿಂದಿನ ಎರಡು ಮೂರು ದಿನಗಳದ್ದನ್ನೂ ನೋಡಬೇಕು.

ಸಂಗಮದಲ್ಲಿ ಇನ್ನೊಂದು ಲೆಕ್ಕವಿದೆ. ಮೇಕೆದಾಟಿನ ಕಡೆಗೆ ಹೋಗಲು ದಾಟಬೇಕಾದದ್ದು ಅರ್ಕಾವತಿಯನ್ನು. ನಂದಿಬೆಟ್ಟದಲ್ಲಿ ಹುಟ್ಟುವ ಈ ನದಿಗೆ ನಮ್ಮ ನಗರದ ವೃಷಭಾವತಿಯೂ ಸೇರಿರುವುದರಿಂದ, ಬೆಂಗಳೂರಿನಲ್ಲಿ ಸುರಿದ ಮಳೆಯ ಲೆಕ್ಕವನ್ನೂ ನಾವು ಇಟ್ಟುಕೊಳ್ಳಬೇಕಾಗುತ್ತದೆ. ನೀರು ಕಡಿಮೆಯಿದ್ದಾಗ ನಡೆದೇ ದಾಟುವವರಿದ್ದಾರೆ, ಇಲ್ಲವಾದರೆ ತೆಪ್ಪ. ತೆಪ್ಪದವರು "ಇವತ್ತು ಬೇಡ ಸ್ವಾಮಿ" ಎಂದರೆ ಅವರೊಡನೆ ವಾದಕ್ಕಿಳಿಯಬಾರದು. ಆ ಹೊಳೆಯ ಸೆಳೆತ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ.

ದಂಡೆಯಲ್ಲಿ ನಡೆಯುವಾಗ ತೊರೆಮತ್ತಿ ಮರಗಳ ಕೊಂಬೆಗಳನ್ನು ತಲೆಯೆತ್ತಿ ನೋಡಿ. ಒಣಹುಲ್ಲು, ಬಟ್ಟೆಯ ಚೂರು, ಪ್ಲಾಸ್ಟಿಕ್ ಚೀಲಗಳು ಆಳೆತ್ತರಕ್ಕಿಂತ ಮೇಲೆ ಸಿಕ್ಕಿಕೊಂಡಿರುತ್ತವೆ. ಅವನ್ನು ಅಲ್ಲಿ ಸಿಕ್ಕಿಸಿದ್ದು ಪ್ರವಾಹ. ನೀರು ಅಲ್ಲಿಯವರೆಗೂ ಏರಿತ್ತು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಮೇಕೆದಾಟಿನ ಕಮರಿಯಲ್ಲಂತೂ ಬಂಡೆಗಳು ಸವೆದು ನುಣುಪಾಗಿವೆ. ಸುಳಿಯಲ್ಲಿ ಸಿಕ್ಕ ಬೆಣಚುಕಲ್ಲುಗಳು ಸುತ್ತಿ ಸುತ್ತಿ ಒರಳಿನಂಥ ಗುಂಡಿಗಳನ್ನು ಕೊರೆದಿವೆ. ಗಟ್ಟಿ ಬಂಡೆಯನ್ನು ಹೀಗೆ ಕೊರೆಯುವ ನೀರಿಗೆ ಈಜು ಬಲ್ಲವನೂ ಒಂದೇ, ಬಾರದವನೂ ಒಂದೇ. ಇಲ್ಲಿಯೂ ಮುತ್ತತ್ತಿಯಲ್ಲಿಯೂ ಮುಳುಗಿ ಸತ್ತವರ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತಲೇ ಇದ್ದೇವೆ, ಅವರಲ್ಲಿ ಬಹಳಷ್ಟು ಮಂದಿ ಎಳೆಯ ವಯಸ್ಸಿನವರು. ಆದ್ದರಿಂದ ನೀರಿಗೆ ಇಳಿಯುವುದಿಲ್ಲ ಎಂಬ ತೀರ್ಮಾನವನ್ನು ಗುಂಪಿನವರೆಲ್ಲರೂ ಮನೆಯಲ್ಲೇ ಮಾಡಿಕೊಂಡು ಹೊರಡಬೇಕು. ಬಿಸಿಲಿಗೆ ಬೆವೆತು, ತಣ್ಣನೆಯ ನೀರು ಕಣ್ಣೆದುರು ಹರಿಯುತ್ತಿರುವಾಗ ಆ ತೀರ್ಮಾನಕ್ಕೆ ಬರುವುದು ಬಹಳ ಕಷ್ಟ.

ಈ ಪ್ರದೇಶ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು. ಸಂಜೆಗೆ ಆನೆಗಳು ನೀರಿಗೆ ಇಳಿಯುತ್ತವೆ, ನದಿಯಲ್ಲಿ ಮೊಸಳೆಗಳಿವೆ. ಪ್ರವೇಶವಿದೆಯೇ, ಯಾವ ದಾರಿಯಲ್ಲಿ ನಡೆಯಲು ಅನುಮತಿಯಿದೆ ಎಂಬುದನ್ನು ಅರಣ್ಯ ಇಲಾಖೆಯವರಿಂದ ಮೊದಲೇ ತಿಳಿದುಕೊಳ್ಳಬೇಕು. ಪ್ರವಾಹದ ದಿನಗಳಲ್ಲಿ ಪ್ರವಾಸಿಗರಿಗೆ ನಿರ್ಬಂಧ ಹೇರುವುದುಂಟು. ಸಂಗಮದಿಂದ ಮೇಕೆದಾಟಿಗೆ ಒಂದು ಬದಿಗೆ ನಾಲ್ಕೈದು ಕಿಲೋಮೀಟರ್ ಮಾತ್ರ, ಆದರೆ ಆ ದಾರಿಯ ಬಿಸಿಲು ಕಠಿಣ. ಬೆಳಿಗ್ಗೆ ಆರಕ್ಕೆ ಮುಂಚೆ ಬೆಂಗಳೂರು ಬಿಟ್ಟು, ಮಧ್ಯಾಹ್ನ ಎರಡಕ್ಕೆ ಎಲ್ಲಿದ್ದರೂ ಹಿಂತಿರುಗುವುದೆಂದು ಗೊತ್ತುಮಾಡಿಕೊಂಡರೆ ಕತ್ತಲೆಗೆ ಮುಂಚೆ ಕಾಡು ದಾಟಬಹುದು. ತಲೆಗೆ ಮೂರು ಲೀಟರ್ ನೀರು, ಹಿಡಿತವಿರುವ ಬೂಟು, ಬುತ್ತಿಗೆ ಚಿತ್ರಾನ್ನವೋ ಚಪಾತಿಯೋ ಇದ್ದರೆ ಸಾಕು. ಕೋತಿಗಳಿರುವುದರಿಂದ ಬುತ್ತಿ ಚೀಲದ ಒಳಗಿರಲಿ.

ಸಂಬಂಧಪಟ್ಟ ಇಲಾಖೆಗಳಲ್ಲಿ ನನ್ನದೊಂದು ಕೋರಿಕೆಯಿದೆ. "ಈಜುವುದನ್ನು ನಿಷೇಧಿಸಲಾಗಿದೆ" ಎಂಬ ಫಲಕದ ಪಕ್ಕದಲ್ಲಿಯೇ, ಆ ದಿನ ಕೆಆರ್‌ಎಸ್ ಮತ್ತು ಕಬಿನಿಯಿಂದ ಎಷ್ಟು ನೀರು ಬಿಡಲಾಗಿದೆ, ಅದು ಇಲ್ಲಿಗೆ ಯಾವ ಹೊತ್ತಿಗೆ ತಲುಪಬಹುದು ಎಂಬುದನ್ನು ಸಂಗಮದಲ್ಲಿಯೂ ಮುತ್ತತ್ತಿಯಲ್ಲಿಯೂ ಪ್ರತಿದಿನ ಸೀಮೆಸುಣ್ಣದಲ್ಲಾದರೂ ದೊಡ್ಡಕ್ಷರಗಳಲ್ಲಿ ಬರೆಸಿ. ಕಾರಣ ತಿಳಿಸದ ನಿಷೇಧವನ್ನು ಮೀರುವ ಯುವಕರು, ಅಂಕಿಯನ್ನು ಕಣ್ಣಾರೆ ಕಂಡರೆ ದಂಡೆಯಲ್ಲೇ ಉಳಿಯುತ್ತಾರೆ ಎಂದು ನಾನು ನಂಬುತ್ತೇನೆ.