ಅಡಿಕೆ ಕಳ್ಳರನ್ನು ಯಾರೂ ಕೇಳಲಿಲ್ಲ

ಗ್ಯಾರಂಟಿ ಹಣದಿಂದ ಊರಿನಲ್ಲಿ ಕುಡಿತ, ಕಳ್ಳತನ ಹೆಚ್ಚಿತು ಎಂಬ ಭಾಷಣ ಒಂದು ಕಡೆ. ಅದೇ ಹಣದಿಂದ ರಾಮರಾಜ್ಯ ಬಂತು ಎಂಬ ಜಾಹೀರಾತು ಇನ್ನೊಂದು ಕಡೆ. ಈ ಗದ್ದಲದಲ್ಲಿ ನಮ್ಮ ತೀರ್ಥಹಳ್ಳಿ ಕಡೆಯ ಅಡಿಕೆ ಕಳ್ಳರ ಅಭಿಪ್ರಾಯ ಕೇಳುವ ಸೌಜನ್ಯ ಯಾರಿಗೂ ಇಲ್ಲ.

ಅವರದು ವಿದ್ಯೆ ಬೇಡುವ ಕಸುಬು. ಒಣಗಲು ಹರವಿದ್ದರಲ್ಲಿ ಯಾವುದು ಸರಕು, ಯಾವುದು ಬೆಟ್ಟೆ, ಯಾವುದು ಗೊರಬಲು ಎಂದು ಅಡಿಕೆಯ ದರ್ಜೆಯನ್ನು ಕತ್ತಲೆಯಲ್ಲಿ ಕೈಯಾಡಿಸಿಯೇ ಹೇಳಬಲ್ಲರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬುದೂ ಗೊತ್ತು, ಅದಕ್ಕೇ ಮೂಟೆಗಟ್ಟಲೆ ಒಯ್ಯುತ್ತಾರೆ. ಕ್ವಿಂಟಾಲಿಗೆ 50,000 ಎಂದು ಹಿಡಿದರೆ ಗೃಹಲಕ್ಷ್ಮಿಯ 2,000 ರೂಪಾಯಿಗೆ ಬರುವುದು ನಾಲ್ಕು ಕೆಜಿ. ಅಷ್ಟಕ್ಕೆ ಕಸುಬು ಹಿಡಿಯುವವರೂ ಇಲ್ಲ, ಬಿಡುವವರೂ ಇಲ್ಲ.

ಅಲಾಸ್ಕಾದಲ್ಲಿ ತೈಲ ಸಂಪತ್ತಿನ ಪಾಲನ್ನು ವರ್ಷಕ್ಕೊಮ್ಮೆ ಜನರಿಗೆ ಹಂಚುತ್ತಾರೆ. ಹಣ ಬಂದ ಮರುದಿನ ಅಮಲಿನ ಪ್ರಕರಣಗಳು ಶೇ. 14ರಷ್ಟು ಏರಿದವು, ಕಳವು ಶೇ. 8ರಷ್ಟು ಇಳಿಯಿತು ಎಂದು ಅಲ್ಲಿನ ಅಧ್ಯಯನವೊಂದು ಹೇಳಿತು. ಎರಡೂ ಪಕ್ಷಗಳಿಗೆ ಒಂದೊಂದು ಭಾಷಣ! ಅಮೆರಿಕದ 12 ನಗರಗಳನ್ನು ನೋಡಿದ ಇನ್ನೊಬ್ಬರು, ನೆರವನ್ನು ತಿಂಗಳ ಮೊದಲಿಗೇ ಕೊಟ್ಟು ಮುಗಿಸುವ ಕಡೆ ದಿನ ಕಳೆದಂತೆ ದುಡ್ಡಿನ ಅಪರಾಧ ಏರುತ್ತದೆ ಎಂದರು. ನಮಗೆ ಆ ಭಯವಿಲ್ಲ. ಕಂತು ಯಾವಾಗ ಬೀಳುತ್ತದೆಂದು ಕಳ್ಳನಿಗಿರಲಿ, ಖಜಾನೆಗೇ ತಿಳಿಯದು.

ಸ್ಥಳದ ಆಯ್ಕೆಯಲ್ಲಂತೂ ನಮ್ಮ ಸರಕಾರವನ್ನು ಮೆಚ್ಚಬೇಕು. 2024ರ ಜನವರಿ 12ರಂದು ಯುವನಿಧಿಗೆ ಚಾಲನೆ ಕೊಟ್ಟಿದ್ದು ಶಿವಮೊಗ್ಗದ ಹಳೆ ಜೈಲಿನ ಆವರಣದಲ್ಲಿ. ಪದವಿ ಮುಗಿಸಿ 180 ದಿನ ಕೆಲಸವಿಲ್ಲದೆ ಕಳೆದವರಿಗೆ ತಿಂಗಳಿಗೆ 3,000. ಅದೂ ಎರಡು ವರ್ಷ ಮಾತ್ರ. ಶಿಕ್ಷೆಯ ಅವಧಿಯನ್ನೂ ಅಲ್ಲೇ ಓದಿ ಹೇಳಿದಂತಾಯಿತು.

ಇನ್ನು ನಗು ಬರುವುದಿಲ್ಲ. ಮಳೆಯಲ್ಲಿ ಸೆರಗಿನೊಳಗೆ ಪಾಸ್‌ಬುಕ್ ಮುಚ್ಚಿಕೊಂಡು ಬಂದವಳಿಗೆ "ಇನ್ನೂ ಆಗಿಲ್ಲಮ್ಮ, ಸೋಮವಾರ ಬನ್ನಿ" ಎನ್ನುತ್ತಾರೆ. ಬಂದ ಹಣವನ್ನು ಹಳೆಯ ಸಾಲಕ್ಕೆ ಮುರಿದುಕೊಳ್ಳುತ್ತಾರೆ. ಉಚಿತ ಅರ್ಜಿಗೆ ನೂರಿನ್ನೂರು ಕೀಳುತ್ತಾರೆ. ಒಟಿಪಿ ಕೇಳಿ ಖಾತೆ ಬಳಿಯುತ್ತಾರೆ. ಇವು ಯಾರ ಭಾಷಣದಲ್ಲೂ ಅಪರಾಧವಲ್ಲ. ಎರಡು ಸಾವಿರ ಪಡೆದವಳ ಗಂಡ ಕುಡಿದನೇ ಎಂದು ಮಾತ್ರ ರಾಜ್ಯವೇ ಬಗ್ಗಿ ಮೂಸುತ್ತದೆ. ಕೋಟಿಯ ಬಿಲ್ಲು ಪಾಸಾದ ರಾತ್ರಿ ಗುತ್ತಿಗೆದಾರ ಎಷ್ಟು ಕುಡಿದ, ಜೊತೆಗೆ ಯಾರು ಕುಳಿತಿದ್ದರು ಎಂದು ಲೆಕ್ಕ ಬರೆದವರನ್ನು ನಾನಂತೂ ಕಂಡಿಲ್ಲ.