ಆ ಮಗುವಿಗೂ ಒಂದು ಹೆಸರಿತ್ತು

ಪ್ಯಾರಿಸ್ಸಿನಲ್ಲಿ, ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಸಂಗ್ರಹದಲ್ಲಿ ಒಂದು ಮಣ್ಣಿನ ಬಟ್ಟಲಿದೆ. ಇಟಲಿಯ ವುಲ್ಚಿಯಲ್ಲಿ ಸಿಕ್ಕಿದ್ದು, ಕ್ರಿಸ್ತಪೂರ್ವ 4ನೇ ಶತಮಾನದ್ದು. ಅದರಲ್ಲಿರುವ ಚಿತ್ರದ ಫೋಟೋ ನೋಡಿದ ಮೇಲೆ ಗ್ರೀಕ್ ಪುರಾಣದ ಗೂಳಿ ತಲೆಯ ಮಿನೋಟಾರನನ್ನು ರಾಕ್ಷಸ ಅನ್ನಲು ನನಗೆ ಮನಸ್ಸೇ ಬರುತ್ತಿಲ್ಲ.

ಒಬ್ಬ ತಾಯಿ ಕೂತಿದ್ದಾಳೆ. ಮಡಿಲಲ್ಲಿ ಮಗು. ಮೈಯೆಲ್ಲ ಎಳೆ ಮಗುವಿನದೇ, ತಲೆ ಮಾತ್ರ ಕರುವಿನದು. ಅವಳು ಅದನ್ನು ದೂರ ತಳ್ಳಿಲ್ಲ. ಯಾವ ತಾಯಿಯೂ ಹಿಡಿಯುವ ಹಾಗೆ ಹಿಡಿದುಕೊಂಡಿದ್ದಾಳೆ. ಅವಳು ಕ್ರೀಟ್ ದ್ವೀಪದ ರಾಣಿ ಪಾಸಿಫೆ.

ಮಗುವಿನ ಹೆಸರು ಆಸ್ಟೀರಿಯಸ್. ನಕ್ಷತ್ರಕ್ಕೆ ಸೇರಿದ ಹೆಸರು. ಎಷ್ಟು ಚೆಂದ ಅಲ್ವಾ? ಆದರೆ ಲೋಕಕ್ಕೆ ನೆನಪಿರುವುದು 'ಮಿನೋಟಾರ್'. ಅಂದರೆ 'ಮಿನೋಸನ ಗೂಳಿ', ಅಷ್ಟೇ.

ಈ ಮಗು ಏನು ತಪ್ಪು ಮಾಡಿತ್ತು? ತಪ್ಪಿದ್ದು ರಾಜ ಮಿನೋಸ್. ಸಿಂಹಾಸನ ತನ್ನದೇ ಅಂತ ತೋರಿಸಲು ಸಮುದ್ರದ ದೇವರು ಪೊಸೈಡನ್‌ನ ಹತ್ತಿರ ಒಂದು ಗೂಳಿ ಬೇಡಿದ. ಅದನ್ನು ನಿನಗೇ ಬಲಿ ಕೊಡುತ್ತೇನೆ ಅಂತ ಹರಕೆ ಹೊತ್ತ. ಅಲೆಗಳ ನಡುವಿನಿಂದ ಗೂಳಿ ಎದ್ದು ಬಂತು. ಅದರ ಅಂದ ನೋಡಿ ರಾಜನಿಗೆ ಆಸೆಯಾಯಿತು. ಅದನ್ನು ತನ್ನ ಹಿಂಡಿಗೆ ಸೇರಿಸಿಕೊಂಡು ಬೇರೆ ಗೂಳಿಯನ್ನು ಕಡಿದ. ದೇವರಿಗೆ ಸಿಟ್ಟು ಬಂತು. ಆದರೆ ಶಿಕ್ಷೆ ಬಿದ್ದದ್ದು ಯಾರಿಗೆ? ಹೆಂಡತಿಗೆ. ಅವಳಿಗೆ ಆ ಗೂಳಿಯ ಮೇಲೆಯೇ ಮೋಹ ಹುಟ್ಟಿಸಿದ. ಡೇಡಲಸ್ ಎಂಬ ಶಿಲ್ಪಿ ಅವಳಿಗೆ ಮರದ ಹಸು ಮಾಡಿಕೊಟ್ಟ. ಅದರೊಳಗೆ ಅಡಗಿ ಅವಳು ಗೂಳಿಯನ್ನು ಕೂಡಿದಳು. ಮಗು ಹುಟ್ಟಿದ ಮೇಲೆ ಅದನ್ನು ಕೂಡಿಹಾಕಲು ಲ್ಯಾಬಿರಿಂತ್ ಕಟ್ಟಿದ್ದೂ ಅದೇ ಡೇಡಲಸ್. ಒಳಗೆ ಹೋದವರಿಗೆ ಹೊರದಾರಿ ಸಿಗದ ಸೆರೆಮನೆ ಅದು.

ಆಸ್ಟೀರಿಯಸ್ ಮನುಷ್ಯರನ್ನು ತಿನ್ನುತ್ತಿದ್ದ ಅಂತ ನೀವು ಹೇಳಬಹುದು. ನಿಜ. ಅಥೆನ್ಸ್‌ನಿಂದ ಬಂದ 7 ಹುಡುಗರು, 7 ಹುಡುಗಿಯರು. ಆದರೆ ಅವರನ್ನು ಕಪ್ಪವಾಗಿ ತರಿಸಿದ್ದು ಮಿನೋಸ್. ತನ್ನ ಮಗ ಆಂಡ್ರೋಜಿಯಸ್‌ನ ಸಾವಿಗೆ ಸೇಡು ತೀರಿಸಿಕೊಳ್ಳಲು ತರಿಸಿದ. ಒಳಗೆ ನೂಕಿಸಿದ್ದೂ ಅವನೇ. ಒಬ್ಬ ಮಗನಿಗಾಗಿ ಯುದ್ಧವನ್ನೇ ಮಾಡಿದವನು ಹೆಂಡತಿಯ ಇನ್ನೊಬ್ಬ ಮಗನನ್ನು ಕತ್ತಲಲ್ಲಿಟ್ಟು ಆಯುಧದ ಹಾಗೆ ಬಳಸಿದ. ಇದು ನನಗೆ ತುಂಬಾ ಸಂಕಟ ಕೊಡುತ್ತದೆ.

ಮುಂದಿನದು ನಿಮಗೆ ಗೊತ್ತಿರಬಹುದು. ಅಥೆನ್ಸ್‌ನ ರಾಜಕುಮಾರ ಥೀಸಿಯಸ್ ಬಂದ, ಆಸ್ಟೀರಿಯಸ್‌ನನ್ನು ಕೊಂದ, ದಾರ ಹಿಡಿದು ಹೊರಬಂದ. ಆ ದಾರ ಕೊಟ್ಟ ಅರಿಯಾಡ್ನೆ ಪಾಸಿಫೆಯ ಮಗಳು. ಆಸ್ಟೀರಿಯಸ್‌ನ ಒಡಹುಟ್ಟಿದವಳು! ಎಷ್ಟೋ ಸಲ ಈ ಕಥೆ ಓದಿದ್ದರೂ ಇಬ್ಬರೂ ಒಂದೇ ಮಡಿಲಲ್ಲಿ ಬೆಳೆದವರು ಅಂತ ನನಗೆ ಹೊಳೆದಿರಲೇ ಇಲ್ಲ. ಥೀಸಿಯಸ್ ಅವಳನ್ನೂ ನಾಕ್ಸೋಸ್ ದ್ವೀಪದಲ್ಲಿ ಬಿಟ್ಟು ಹೊರಟುಹೋದ ಅಂತ ಕಥೆ. ಇವನು ವೀರ!

ಮಕ್ಕಳಿಗೆ ಈ ಕಥೆ ಹೇಳುವಾಗ ದಯವಿಟ್ಟು ದಾರದಿಂದ ಶುರು ಮಾಡಬೇಡಿ. ಸಮುದ್ರದ ದಡದಲ್ಲಿ ಹರಕೆಯ ಗೂಳಿಯನ್ನು ಆಸೆಗಣ್ಣಿಂದ ನೋಡುತ್ತಾ ನಿಂತ ರಾಜನಿಂದ ಶುರು ಮಾಡಿ. ಮಗು ಹುಟ್ಟಿದಾಗ ಅದರ ಹೆಸರನ್ನೂ ಹೇಳಿ.