ವಾಕಿಂಗ್ ಒಂದೇ ಸಾಲದು, ಅಮ್ಮನ ಕೈಗೆ ತೂಕ ಕೊಡಿ

ಅರವತ್ತು ದಾಟಿದವರಿಗೆ ನಮ್ಮಲ್ಲಿ ಸಿಗುವ ಸಲಹೆ ಎರಡೇ. ಒಂದು, ದಿನಾ ವಾಕಿಂಗ್ ಹೋಗಿ. ಇನ್ನೊಂದು, ಭಾರ ಎತ್ತಬೇಡಿ. ಮೊದಲನೆಯದು ಒಳ್ಳೆಯ ಮಾತು, ಆದರೆ ಅರ್ಧ ಮಾತು. ಎರಡನೆಯದು ಎಷ್ಟೋ ಹಿರಿಯರನ್ನು ಮೆಲ್ಲಗೆ ಮೂಲೆಗೆ ಕೂರಿಸುತ್ತಿದೆ. ಇದನ್ನು ಬಿಡಿಸಿ ಬರೆಯಬೇಕು ಅಂತ ತುಂಬಾ ದಿನದಿಂದ ಇತ್ತು. ಉದ್ದ ಆಗುತ್ತೆ, ಕಾಫಿ ತಂದುಕೊಂಡು ಕೂತ್ಕೊಳ್ಳಿ.

ವಾಕಿಂಗ್ ವಿಷಯ ಮೊದಲು ಮುಗಿಸಿಬಿಡೋಣ. ನಡೆಯುವುದು ಹೃದಯಕ್ಕೆ ಒಳ್ಳೆಯದು, ಶುಗರ್‌ಗೆ ಒಳ್ಳೆಯದು, ಮನೆಯವರ ಮುಖ ಒಂದು ಗಂಟೆ ನೋಡದೆ ಇರುವುದಕ್ಕೂ ಒಳ್ಳೆಯದು. ಆದರೆ 10,000 ಹೆಜ್ಜೆ ಆಗಲೇಬೇಕು ಅಂತ ರಾತ್ರಿ ಮೊಬೈಲ್ ಹಿಡಿದು ಹಾಲ್‌ನಲ್ಲಿ ಸುತ್ತು ಹೊಡೆಯುವವರಿಗೆ ಒಂದು ಮಾತು. ಆ ಸಂಖ್ಯೆ ಯಾವ ಲ್ಯಾಬ್‌ನಿಂದಲೂ ಬಂದದ್ದಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಪುಟ್ಟ ಯಂತ್ರಕ್ಕೆ ಇಟ್ಟ ಹೆಸರಿನಿಂದ ಬಂದದ್ದು. 2019ರಲ್ಲಿ ಹಾರ್ವರ್ಡ್‌ನ ಐ-ಮಿನ್ ಲೀ ಅವರ ತಂಡ ಸರಾಸರಿ 72 ವಯಸ್ಸಿನ ಸುಮಾರು 17 ಸಾವಿರ ಅಮೆರಿಕನ್ ಹೆಂಗಸರ ಹೆಜ್ಜೆ ಲೆಕ್ಕ ಪ್ರಕಟಿಸಿತು. ದಿನಕ್ಕೆ ಸುಮಾರು 2,700 ಹೆಜ್ಜೆ ಇಡುತ್ತಿದ್ದವರಿಗಿಂತ 4,400ರ ಹತ್ತಿರ ಇಡುತ್ತಿದ್ದವರಲ್ಲಿ ಸಾವಿನ ಪ್ರಮಾಣ ಆಗಲೇ ಸಾಕಷ್ಟು ಕಡಿಮೆ ಇತ್ತು. ಸುಮಾರು 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ ಆರಾಮಾಗಿ ನಡೆಯಿರಿ. ಉಳಿದ ಸಮಯವನ್ನು ಬೇರೆ ಒಂದು ಕೆಲಸಕ್ಕೆ ಇಟ್ಟುಕೊಳ್ಳಿ.

ಆ ಬೇರೆ ಕೆಲಸ ಅಂದರೆ ಮಾಂಸಖಂಡದ ಕೆಲಸ.

ಹತ್ತು ವರ್ಷದಿಂದ ಒಂದು ದಿನವೂ ತಪ್ಪಿಸದೆ ವಾಕಿಂಗ್ ಮಾಡಿದವರನ್ನೇ ಗಮನಿಸಿ ನೋಡಿ. ನೆಲದ ಮೇಲೆ ಕೂತು ಏಳುವುದಕ್ಕೆ ಯಾರಾದರೂ ಕೈ ಕೊಡಬೇಕು. ಊಟದ ಕುರ್ಚಿಯಿಂದ ಏಳುವಾಗ ಎರಡೂ ಅಂಗೈ ಟೇಬಲ್ ಮೇಲೆ. ಐದು ಲೀಟರ್ ಕುಕ್ಕರ್ ಒಲೆಯಿಂದ ಇಳಿಸುವಾಗ ಮೊಣಕೈ ನಡುಗುತ್ತದೆ. ಸಿಟಿ ಬಸ್ ಹತ್ತುವಾಗ ಕಾಲು ಮೇಲೆತ್ತುವುದಿಲ್ಲ, ಕಂಬಿ ಹಿಡಿದು ಮೈಯನ್ನೇ ಎಳೆದುಕೊಳ್ಳುತ್ತಾರೆ. ನಡೆದ ಕಾಲಿಗೆ ನಡೆಯುವುದು ಅಭ್ಯಾಸ ಆಗಿಹೋಗಿರುತ್ತದೆ, ಅದಕ್ಕಿಂತ ಜಾಸ್ತಿ ಏನನ್ನೂ ಯಾರೂ ಅದರಿಂದ ಕೇಳಿಲ್ಲ. ಕೈ, ಭುಜ, ಬೆನ್ನಿಗಂತೂ ವಾಕಿಂಗ್‌ನಿಂದ ಏನೂ ಸಿಕ್ಕಿಲ್ಲ.

ಐವತ್ತು ದಾಟಿದ ಮೇಲೆ ಮಾಂಸಖಂಡ ವರ್ಷಕ್ಕೆ ಹೆಚ್ಚುಕಡಿಮೆ ಶೇ. 1ರಷ್ಟು ಕರಗುತ್ತಾ ಹೋಗುತ್ತದೆ. ಶಕ್ತಿ ಅದಕ್ಕಿಂತ ಬೇಗ ಹೋಗುತ್ತದೆ. ಕನ್ನಡಿಯಲ್ಲಿ ಇದು ಕಾಣಲ್ಲ, ಯಾಕೆಂದರೆ ಆ ಜಾಗಕ್ಕೆ ಕೊಬ್ಬು ಬಂದು ಕೂತಿರುತ್ತದೆ. ತೂಕದ ಮಷಿನ್ ಹಳೆಯ ಸಂಖ್ಯೆಯನ್ನೇ ತೋರಿಸುತ್ತದೆ. ಮನೆಯವರು ‘ವಯಸ್ಸಾಯ್ತಲ್ಲ’ ಅಂದು ಸುಮ್ಮನಾಗುತ್ತಾರೆ.

ಇದಕ್ಕೆ ಜ್ವರವೋ ಬಿದ್ದ ಪೆಟ್ಟೋ ಸೇರಿಕೊಂಡರೆ ಇನ್ನೂ ಕಷ್ಟ. 2007ರಲ್ಲಿ ಪ್ರಕಟವಾದ ಒಂದು ಸಣ್ಣ ಅಮೆರಿಕನ್ ಅಧ್ಯಯನದಲ್ಲಿ, ಅರವತ್ತು ದಾಟಿದ ಆರೋಗ್ಯವಂತರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದರು. ಕಾಯಿಲೆ ಏನೂ ಇಲ್ಲ, ಸುಮ್ನೆ ಮಲಗಿದ್ದರು ಅಷ್ಟೇ. ಊಟವೂ ಸರಿಯಾಗಿಯೇ ಇತ್ತು. ಎರಡೂ ಕಾಲು ಸೇರಿ ಒಂದು ಕೆ.ಜಿ. ಹತ್ತಿರ ಮಾಂಸಖಂಡ ಹೋಗಿತ್ತು. ನಮ್ಮಲ್ಲಿ ಚಿಕೂನ್‌ಗುನ್ಯಾ ಬಂದು ಹೋದ ಮೇಲೆ ‘ಅಜ್ಜಿ ಆವತ್ತಿನಿಂದ ಎದ್ದೇ ಇಲ್ಲ’ ಅನ್ನುವ ಮಾತು ಎಷ್ಟು ಮನೆಗಳಲ್ಲಿ ಕೇಳಿಲ್ಲ? ವೈರಸ್ ಕೊಟ್ಟ ಪೆಟ್ಟು ಒಂದು ಪಾಲು. ‘ಏಳಬೇಡ, ನಾನೇ ತಂದು ಕೊಡ್ತೀನಿ, ಮಲ್ಕೋ’ ಅನ್ನುವ ನಮ್ಮ ಪ್ರೀತಿ ಇನ್ನೊಂದು ಪಾಲು.

ಹೋದದ್ದು ವಾಪಸ್ ಬರುತ್ತಾ? ಇಲ್ಲಿಯೇ ನನಗೆ ತುಂಬಾ ಇಷ್ಟವಾದ ಅಧ್ಯಯನ ಬರುವುದು. 1990ರಲ್ಲಿ ಬೋಸ್ಟನ್‌ನ ಒಂದು ವೃದ್ಧಾಶ್ರಮದಲ್ಲಿ ಮಾರಿಯಾ ಫಿಯಾತರೋನೆ ಅನ್ನುವ ಡಾಕ್ಟರ್ ಮತ್ತು ಅವರ ತಂಡ ಹತ್ತು ಜನರನ್ನು ಆರಿಸಿಕೊಂಡಿತು. ಸರಾಸರಿ ವಯಸ್ಸು 90. ಹೆಚ್ಚಿನವರು ಈ ಮೊದಲು ಎಡವಿಯೋ ಜಾರಿಯೋ ಬಿದ್ದಿದ್ದವರು, ಒಬ್ಬೊಬ್ಬರಿಗೂ ಹಲವು ಕಾಯಿಲೆ. ಇವರಿಗೆ ಕೊಟ್ಟಿದ್ದು ಕೈ ಆಡಿಸಿ ಚಪ್ಪಾಳೆ ತಟ್ಟುವ ವ್ಯಾಯಾಮ ಅಲ್ಲ. ಕೂತಲ್ಲೇ ಮಂಡಿ ಬಿಚ್ಚಿ ಕಾಲಿನಿಂದ ತೂಕ ಎತ್ತುವುದು. ಅದೂ, ಒಬ್ಬೊಬ್ಬರು ಒಂದು ಸಲ ಎತ್ತಬಹುದಾದ ಗರಿಷ್ಠ ತೂಕದ ಶೇ. 80ರಷ್ಟು. ವಾರಕ್ಕೆ ಮೂರು ದಿನ, 8 ವಾರ. ಶಕ್ತಿ ಹೆಚ್ಚಿದ ಹಾಗೆ ತೂಕವೂ ಹೆಚ್ಚುತ್ತಿತ್ತು.

ಒಬ್ಬರು ಮಧ್ಯದಲ್ಲಿ ಬಿಟ್ಟರು. ಉಳಿದ ಒಂಬತ್ತು ಜನರ ಕಾಲಿನ ಶಕ್ತಿ ಸರಾಸರಿ ಶೇ. 174 ಹೆಚ್ಚಾಯಿತು. ಅಂದರೆ ಮೊದಲಿದ್ದದ್ದರ ಎರಡೂವರೆ ಪಟ್ಟಿಗಿಂತ ಜಾಸ್ತಿ. ತೊಡೆಯ ಮಾಂಸಖಂಡ ಶೇ. 9ರಷ್ಟು ದಪ್ಪ ಆಗಿತ್ತು. ಇಬ್ಬರು ಊರುಗೋಲು ಬಿಟ್ಟರು. 90 ವರ್ಷದ ಮಾಂಸಖಂಡಕ್ಕೂ ಕಿವಿ ಇದೆ ಅಂತಾಯ್ತಲ್ಲ, ಕೇಳುವವರು ಬೇಕು ಅಷ್ಟೇ. ಇದರ ಜೊತೆಗೇ ಬರುವ ಇನ್ನೊಂದು ಸಂಗತಿ ಅಷ್ಟು ಸಿಹಿಯಲ್ಲ. ತರಬೇತಿ ನಿಂತು ನಾಲ್ಕು ವಾರಕ್ಕೆ ಆ ಶಕ್ತಿಯಲ್ಲಿ ಮೂರನೇ ಒಂದು ಭಾಗದಷ್ಟು ಇಳಿದುಹೋಗಿತ್ತು.

ಹತ್ತು ಜನರ ಮೇಲಿನ ಅಧ್ಯಯನ ನಂಬಬೇಕಾ ಅಂತ ಕೇಳುವವರು ಸರಿಯಾಗಿಯೇ ಕೇಳುತ್ತಿದ್ದಾರೆ. ಅದಕ್ಕೇ 1994ರಲ್ಲಿ ಅದೇ ತಂಡ ಸರಾಸರಿ 87 ವಯಸ್ಸಿನ 100 ಜನರ ಮೇಲೆ ಮತ್ತೆ ಮಾಡಿತು. ಈ ಸಲ ನಾಲ್ಕು ಗುಂಪು. ಒಂದಕ್ಕೆ ತೂಕ, ಒಂದಕ್ಕೆ ಪೌಷ್ಟಿಕ ಪಾನೀಯ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಎರಡೂ ಇಲ್ಲ. ತೂಕ ಎತ್ತಿದವರ ಶಕ್ತಿ 10 ವಾರದಲ್ಲಿ ಎರಡು ಪಟ್ಟಾಯಿತು. ಮೆಟ್ಟಿಲು ಹತ್ತುವುದೂ ಸುಧಾರಿಸಿತು. ಪಾನೀಯ ಮಾತ್ರ ಕುಡಿದವರ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಏನೂ ಇಲ್ಲ. ಮೆಡಿಕಲ್ ಶಾಪ್‌ನಿಂದ ಅಪ್ಪ ಅಮ್ಮನಿಗೆ ದೊಡ್ಡ ಪ್ರೋಟೀನ್ ಡಬ್ಬ ತಂದುಕೊಟ್ಟು ಕರ್ತವ್ಯ ಮುಗಿಯಿತು ಅಂದುಕೊಳ್ಳುವ ನಮ್ಮಂಥ ಮಕ್ಕಳು ಇದನ್ನು ಎರಡು ಸಲ ಓದಬೇಕು. ಪ್ರೋಟೀನ್ ಬೇಡ ಅಂತಲ್ಲ. ಅನ್ನ, ತಿಳಿ ಸಾರು, ಉಪ್ಪಿನಕಾಯಲ್ಲೇ ದಿನ ಮುಗಿಸುವವರಿಗೆ ಕಾಳು, ಮೊಸರು, ಮೊಟ್ಟೆ ಬೇಕೇ ಬೇಕು. ಆದರೆ ಕೆಲಸ ಕೊಡದೆ ಬರೀ ಊಟ ಹಾಕಿದರೆ ಮಾಂಸಖಂಡ ಬೆಳೆಯಲ್ಲ.

ನಮ್ಮತ್ತೆಗೆ ಇದನ್ನೆಲ್ಲ ಹೇಳಿದಾಗ ‘ಈ ವಯಸ್ಸಲ್ಲಿ ನನ್ನ ಪೈಲ್ವಾನ್ ಮಾಡ್ತೀಯೇನೇ?’ ಅಂದರು. ಮೈಸೂರಿನವರು, ದಸರಾ ಕುಸ್ತಿ ನೋಡಿ ಬೆಳೆದವರು. ಪೈಲ್ವಾನ್ ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ನಾವು ಮಾಡಿದ್ದು ಇಷ್ಟು. ಕೈ ಇಲ್ಲದ ಊಟದ ಕುರ್ಚಿ, ಜರುಗದ ಹಾಗೆ ಅದರ ಬೆನ್ನು ಗೋಡೆಗೆ. ಮೇಲೆ ಎರಡು ದಿಂಬು. ಕೈ ಎರಡನ್ನೂ ಎದೆ ಮೇಲೆ ಕಟ್ಟಿಕೊಂಡು ಏಳುವುದು, ಕೂರುವುದು. ಏಳುವುದಕ್ಕಿಂತ ಕೂರುವುದರಲ್ಲಿ ಕೆಲಸ ಜಾಸ್ತಿ. ದೊಪ್ ಅಂತ ಕೂರಬಾರದು. ಮನಸ್ಸಲ್ಲಿ ನಾಲ್ಕು ಎಣಿಸುತ್ತಾ ಇಳಿಯಬೇಕು. ತೊಡೆ ಬಿಸಿಯಾಗುತ್ತದೆ. ಕೊನೆಯ ಎರಡು ಸಲಕ್ಕೆ ಬಾಯಲ್ಲಿ ‘ಉಸ್ಸಪ್ಪಾ’ ಬರಬೇಕು. ಬರಲಿಲ್ಲ ಅಂದರೆ ಸುಲಭ ಆಗಿದೆ, ಒಂದು ದಿಂಬು ತೆಗೆಯುವ ಹೊತ್ತು. ದಿಂಬು ಮುಗಿದ ಮೇಲೆ ತೊಗರಿಬೇಳೆ ಪ್ಯಾಕೆಟ್ ಹಾಕಿದ ಬಟ್ಟೆ ಚೀಲ ಎದೆಗೆ ಅವಚಿಕೊಂಡು ಮಾಡಿದರು. ಜೊತೆಗೆ ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು, ಎರಡೂ ಕೈಯಲ್ಲಿ ಚೀಲ ಹಿಡಿದು ವರಾಂಡದಲ್ಲಿ ಓಡಾಡುವುದು. ವಾರಕ್ಕೆ ಎರಡು ಮೂರು ದಿನ, ನಡುವೆ ಬಿಡುವು. ಮಂಡಿ ನೋವು ಮಾಯ ಆಯಿತು ಅಂತ ಹೇಳಲ್ಲ, ಇದೆ. ಆದರೆ ಈಗ ದೇವರ ಮನೆಯಲ್ಲಿ ನೆಲದ ಮೇಲೆ ಕೂರುತ್ತಾರೆ, ನನ್ನನ್ನು ಕರೆಯದೆ ಏಳುತ್ತಾರೆ. ದೊಡ್ಡ ಕುಕ್ಕರ್ ಮತ್ತೆ ಅವರ ಸುಪರ್ದಿಗೆ ಹೋಗಿದೆ. ಅದರಿಂದ ನನಗೆ ಆದ ಲಾಭ ಬೇರೆ ಹೇಳಬೇಕಾಗಿಲ್ಲ!

ಸಣ್ಣ ಮೈಯವರು ‘ನನಗೇನು, ನಾನು ತೆಳ್ಳಗಿದೀನಲ್ಲ’ ಅನ್ನುತ್ತಾರೆ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇಬ್ಬರು ಡಾಕ್ಟರುಗಳ ಫೋಟೊ ಅಕ್ಕಪಕ್ಕದಲ್ಲಿ ಹಾಕಿತ್ತು. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, ಒಂದೇ, 22.3. ಮೈಯಲ್ಲಿದ್ದ ಕೊಬ್ಬು ಮಾತ್ರ ಯುಡ್ಕಿನ್ ಅವರಿಗೆ ಶೇ. 9.1, ಯಾಜ್ಞಿಕ್ ಅವರಿಗೆ ಶೇ. 21.2. ತೆಳ್ಳಗೆ ಕಾಣುವ ನಮ್ಮ ಮೈಯಲ್ಲಿ ಮಾಂಸಖಂಡ ಕಡಿಮೆ, ಕೊಬ್ಬು ಜಾಸ್ತಿ. ಊಟ ಆದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಒಳಗೆ ಎಳೆದುಕೊಳ್ಳುವುದು ಮಾಂಸಖಂಡವೇ. ಅದೇ ಕಡಿಮೆ ಇದ್ದರೆ ಸಕ್ಕರೆ ಎಲ್ಲಿಗೆ ಹೋಗಬೇಕು? ಹೊಟ್ಟೆ ಇಲ್ಲದವರಿಗೂ ನಮ್ಮಲ್ಲಿ ಶುಗರ್ ಬರುವುದಕ್ಕೆ ಇದೂ ಒಂದು ಕಾರಣ.

ಕೈ ಹಿಡಿತದ ಮೇಲೆ ಆದ ಇನ್ನೊಂದು ದೊಡ್ಡ ಅಧ್ಯಯನ ‘ಪ್ಯೂರ್’. ಭಾರತದಲ್ಲಿ ಅದರ ಕೇಂದ್ರಗಳಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಕೂಡ ಒಂದು. 17 ದೇಶಗಳ ಸುಮಾರು 1.4 ಲಕ್ಷ ಜನರ ಕೈಯಲ್ಲಿ ಒಂದು ಮೀಟರ್ ಕೊಟ್ಟು ಗಟ್ಟಿಯಾಗಿ ಹಿಸುಕಿಸಿ, ನಂತರದ ವರ್ಷಗಳಲ್ಲಿ ಅವರ ಆರೋಗ್ಯ ನೋಡಿದರು. ಹಿಡಿತ ಪ್ರತಿ 5 ಕೆ.ಜಿ. ಕಡಿಮೆ ಆದ ಹಾಗೆ ಸಾವಿನ ಅಪಾಯ ಶೇ. 16ರಷ್ಟು ಜಾಸ್ತಿ ಕಂಡಿತು. ಬಿಪಿಗಿಂತ ಕೈಹಿಡಿತವೇ ಮುಂದಿನದನ್ನು ಚೆನ್ನಾಗಿ ಹೇಳಿತು ಅಂತ 2015ರಲ್ಲಿ ವರದಿ ಬಂತು. ತಕ್ಷಣ ರಬ್ಬರ್ ಚೆಂಡು ಕೊಂಡು ಹಿಸುಕಲು ಹೋಗಬೇಡಿ. ಹಿಡಿತ ಇಡೀ ಮೈಯ ಶಕ್ತಿಯ ಒಂದು ಸೂಚನೆ, ಅಷ್ಟೇ. ಕಾಯಿಲೆ ಇರುವವರ ಹಿಡಿತವೂ ಕಡಿಮೆ ಇರುತ್ತದೆ.

ಮೂಳೆ ಸವೆದಿದೆ, ತೂಕ ಎತ್ತಿದರೆ ಮುರಿಯುತ್ತೆ ಅನ್ನುವ ಭಯ ಹೆಂಗಸರಲ್ಲಿ ಜಾಸ್ತಿ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು ‘ಲಿಫ್ಟ್‌ಮೋರ್’ ಅಂತ ಒಂದು ಪ್ರಯೋಗ ಮಾಡಿದರು. ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆಯಾಗಿದ್ದ 101 ಹೆಂಗಸರು. ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, 8 ತಿಂಗಳು. ಒಂದು ಗುಂಪಿಗೆ ನೆಲದಿಂದ ಭಾರ ಎತ್ತುವುದು, ಭಾರ ಹೊತ್ತು ಬಸ್ಕಿ, ತಲೆ ಮೇಲೆ ಎತ್ತುವುದು, ಎಲ್ಲವೂ ದೊಡ್ಡ ತೂಕವೇ. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದ ಇನ್ನೊಂದು ಗುಂಪಿನವರ ಸೊಂಟದ ಭಾಗದ ಬೆನ್ನುಮೂಳೆ ಇನ್ನಷ್ಟು ಸವೆಯಿತು, ಭಾರ ಎತ್ತಿದವರದ್ದು ಶೇ. 2.9ರಷ್ಟು ಗಟ್ಟಿಯಾಯಿತು. ಆದ ತೊಂದರೆ ಅಂದರೆ ಒಬ್ಬರಿಗೆ ಸ್ವಲ್ಪ ಬೆನ್ನು ಹಿಡಿದುಕೊಂಡದ್ದು. ಆದರೆ ಪ್ರತಿಸಲವೂ ಪಕ್ಕದಲ್ಲಿ ಕಲಿತವರು ನಿಂತಿದ್ದರು. ಯೂಟ್ಯೂಬ್ ನೋಡಿಕೊಂಡು ಇದನ್ನು ಮನೆಯಲ್ಲಿ ಮಾಡುವುದಲ್ಲ. ಬಿಪಿ ಹತೋಟಿಯಲ್ಲಿ ಇಲ್ಲದವರು, ಹೃದಯದ ತೊಂದರೆ ಇರುವವರು, ಇತ್ತೀಚೆಗೆ ಮೂಳೆ ಮುರಿದುಕೊಂಡವರು, ಕಣ್ಣಿನ ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಎತ್ತುವಾಗ ಉಸಿರು ಕಟ್ಟಬಾರದು.

‘ನಮ್ಮಜ್ಜಿ ಯಾವ ಜಿಮ್‌ಗೆ ಹೋಗಿದ್ದಳು, ಬೀಸುವ ಕಲ್ಲು ತಿರುಗಿಸಿ, ಬಾವಿ ನೀರು ಸೇದಿ ಗಟ್ಟಿಯಾಗಿರಲಿಲ್ಲವಾ’ ಅಂತ ಯಾರಾದರೂ ಹೇಳೇ ಹೇಳುತ್ತೀರಿ. ಆ ಅಜ್ಜಿಯರಲ್ಲಿ ಎಷ್ಟು ಜನ ಬೆನ್ನು ಬಾಗಿಸಿಕೊಂಡು ಓಡಾಡುತ್ತಿದ್ದರು ಅಂತಲೂ ನೆನಪು ಮಾಡಿಕೊಳ್ಳಿ. ದಿನವಿಡೀ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವುದು ವ್ಯಾಯಾಮ ಅಲ್ಲ, ದುಡಿಮೆ. ಅಲ್ಲಿ ಬಿಡುವು ಇಲ್ಲ, ಹೊಟ್ಟೆ ತುಂಬ ಊಟದ ಖಾತ್ರಿ ಇಲ್ಲ, ಇವತ್ತು ಮೈ ನೋವು ಅಂದರೆ ಭಾರ ಕಡಿಮೆ ಮಾಡುವವರಿಲ್ಲ. ಗರಡಿ ಮನೆಯ ಉಸ್ತಾದರಿಗೆ ಈ ವ್ಯತ್ಯಾಸ ಗೊತ್ತಿತ್ತು. ಹೊಸಬನಿಗೆ ಮೊದಲ ದಿನವೇ ದೊಡ್ಡ ಗದೆ ಕೊಡುತ್ತಿರಲಿಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಹುಡುಗರೂ ಸಣ್ಣ ಕಲ್ಲಿನಿಂದಲೇ ಶುರು ಮಾಡಿದವರು. ಆದರೆ ಗರಡಿಯ ಬಾಗಿಲು ಹೆಂಗಸರಿಗೆ ತೆರೆದಿರಲಿಲ್ಲ. ಆ ಲೆಕ್ಕ ಇವತ್ತಿಗೂ ನಡೆಯುತ್ತಿದೆ. 2022ರಲ್ಲಿ ನಮ್ಮ ದೇಶದ ವಯಸ್ಕ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಗಂಡಸರಲ್ಲಿ ಅದು ಶೇ. 42.

ಪಾರ್ಕುಗಳಲ್ಲಿ ಓಪನ್ ಜಿಮ್ ಹಾಕಿದ್ದಾರಲ್ಲ ಅಂತೀರಾ? ಸ್ವಲ್ಪ ಹತ್ತಿರ ಹೋಗಿ ನೋಡಿ. ಎರಡು ಪೆಡಲ್ ಮೇಲೆ ನಿಂತು ಕಾಲು ಹಿಂದೆ ಮುಂದೆ ತೂಗುವುದು, ಒಂದು ತಟ್ಟೆಯ ಮೇಲೆ ನಿಂತು ಸೊಂಟ ತಿರುಗಿಸುವುದು. ತೂಕ ಹೆಚ್ಚು ಕಡಿಮೆ ಮಾಡುವ ದಾರಿಯೇ ಇಲ್ಲ. ಮೊದಲ ದಿನ ಎಷ್ಟು ಸುಲಭವೋ ಮೂರನೇ ವರ್ಷವೂ ಅಷ್ಟೇ. ಮಕ್ಕಳಿಗೆ ಉಯ್ಯಾಲೆ ಆಗಿದೆ, ಅದು ಸಂತೋಷ. ದುಡ್ಡು ಕೊಟ್ಟು ಹೋಗುವ ಜಿಮ್‌ಗಳ ಕಥೆ ಬೇರೆ. ಕಿವಿ ಹರಿಯುವ ಹಾಡು, ಇಪ್ಪತ್ತೆರಡು ವಯಸ್ಸಿನ ಟ್ರೈನರ್. ಸೀರೆ ಉಟ್ಟವರು ಒಳಗೆ ಬಂದರೆ ಯಾರದ್ದೋ ಫೀಸ್ ಕಟ್ಟಲು ಬಂದಿದ್ದಾರೆ ಅಂದುಕೊಳ್ಳುತ್ತಾನೆ. ಸೇರಿಸಿಕೊಂಡರೂ ಟ್ರೆಡ್‌ಮಿಲ್ ಹತ್ತಿಸಿ ‘ಆಂಟಿ, ಸ್ಲೋ ಆಗಿ ನಡೀರಿ’ ಅಂದು ಮಾಯ ಆಗುತ್ತಾನೆ. ನಡೆಯುವುದಕ್ಕೆ ರಸ್ತೆ ಇರಲಿಲ್ಲವೇನಪ್ಪಾ?

ಡಾಕ್ಟರುಗಳ ಮೇಲೂ ನನಗೆ ಸ್ವಲ್ಪ ಸಿಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ ಕನಿಷ್ಠ ಎರಡು ದಿನ ಮಾಂಸಖಂಡ ಗಟ್ಟಿ ಮಾಡುವ ವ್ಯಾಯಾಮ, 65 ದಾಟಿದವರಿಗೆ ಮೂರು ದಿನ ಶಕ್ತಿ ಮತ್ತು ಬ್ಯಾಲೆನ್ಸ್ ಎರಡೂ ಸೇರಿದ ವ್ಯಾಯಾಮ ಅಂತ ಬರೆದಿದೆ. ಚೀಟಿಯ ಕೊನೆಯಲ್ಲಿ ಮಾತ್ರ ಇವತ್ತಿಗೂ ‘ವಾಕಿಂಗ್ 30 ನಿಮಿಷ’ ಅಂತಲೇ ಇರುತ್ತದೆ. ಅದರ ಕೆಳಗೆ ‘ಕುರ್ಚಿಯಿಂದ ಕೈ ಊರದೆ ಏಳುವುದು, 10 ಸಲ, ಎರಡು ಸುತ್ತು’ ಅಂತ ಒಂದು ಸಾಲು ಸೇರಿಸಲು ಎಷ್ಟು ಇಂಕು ಬೇಕು? ನಮ್ಮ ಹಿರಿಯರು ಮಕ್ಕಳ ಮಾತು ಕೇಳಲ್ಲ, ಡಾಕ್ಟರ್ ಚೀಟಿಯಲ್ಲಿ ಬರೆದದ್ದನ್ನು ದೇವರ ಪ್ರಸಾದದ ಹಾಗೆ ಪಾಲಿಸುತ್ತಾರೆ.

ನಿಮ್ಮ ಏರಿಯಾದಲ್ಲಿ ಅರವತ್ತು ದಾಟಿದವರಿಗೆ ತಾಳ್ಮೆಯಿಂದ ಹೇಳಿಕೊಡುವ ಜಿಮ್ಮೋ ಫಿಸಿಯೋನೋ ಇದ್ದರೆ ಕೆಳಗೆ ಕಾಮೆಂಟಿನಲ್ಲಿ ಹಾಕಿ. ಫೀಸ್ ಎಷ್ಟು, ಹೆಂಗಸರಿಗೆ ಬೇರೆ ಸಮಯ ಇದೆಯಾ ಅಂತಲೂ ಬರೆಯಿರಿ. ಲಿಫ್ಟ್ ಇದೆಯಾ ಅನ್ನುವುದನ್ನು ಮರೆಯಬೇಡಿ. ನಮ್ಮ ಕಡೆ ಇರುವ ಜಿಮ್‌ಗಳೆಲ್ಲ ಮೂರನೇ ಮಹಡಿಯಲ್ಲಿವೆ.